ಷರ್ಲಾಕ್ ಹೋಮ್ಸನ ಜನಕ ಜಾರಿಬಿದ್ದ ದಾರಿ

ಸ್ವಿಟ್ಜರ್ಲೆಂಡಿನ ದಾವೋಸ್ ಪಟ್ಟಣದ ಅಂಚಿನಲ್ಲಿ ಫ್ರೌವೆನ್‌ಕಿರ್ಖ್ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿನ ಹಳೆಯ ಚರ್ಚು ಮುಂದಿನಿಂದ ನೋಡಿದರೆ ಎಲ್ಲ ಚರ್ಚುಗಳಂತೆಯೇ. ಹಿಂದಕ್ಕೆ ಹೋಗಿ ನೋಡಿದರೆ ಮಾತ್ರ ಅಚ್ಚರಿ. ಬೆಟ್ಟದ ಕಡೆಗಿರುವ ಗೋಡೆ ಹಡಗಿನ ಮೂತಿಯಂತೆ ಚೂಪಾಗಿದೆ. ಮೇಲಿನಿಂದ ಹಿಮ ಕುಸಿದು ಬಂದರೆ ಅದನ್ನು ಎರಡಾಗಿ ಸೀಳಿ ಆಚೀಚೆ ಕಳುಹಿಸಲು ಹಿರಿಯರು ಕಂಡುಕೊಂಡ ಉಪಾಯವಿದು. ಇಲ್ಲಿ ಹಿಮ ಅಂದವೂ ಹೌದು, ಆಪತ್ತೂ ಹೌದು.

ಈ ಹಳ್ಳಿಯಿಂದಲೇ ಮೈಯನ್‌ಫೆಲ್ಡರ್ ಫುರ್ಗಾ ಎಂಬ ಕಣಿವೆದಾರಿಯನ್ನು ಏರಿ ಆಚೆಯ ಅರೋಸಾ ಊರಿಗೆ ಇಳಿಯುವ ಹಾದಿಯಿದೆ. ದಾರಿಯ ನೆತ್ತಿ ಸುಮಾರು 2,440 ಮೀಟರ್ ಎತ್ತರದಲ್ಲಿದೆ. 1894ರ ಮಾರ್ಚ್ 23ರ ನಸುಕಿನಲ್ಲಿ ಮೂವರು ಈ ಹಾದಿ ಹಿಡಿದು ಹೊರಟರು. ಇಬ್ಬರು ದಾವೋಸ್‌ನ ಟೋಬಿಯಾಸ್ ಮತ್ತು ಯೋಹಾನೆಸ್ ಬ್ರಾಂಗರ್ ಸಹೋದರರು. ಮೂರನೆಯವನು ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್!

ಡಾಯ್ಲ್ ಮೋಜಿಗಾಗಿ ದಾವೋಸ್‌ಗೆ ಬಂದವನಲ್ಲ. ಹೆಂಡತಿ ಲೂಯಿಸಾಗೆ ಕ್ಷಯರೋಗ. ಮಲೆನಾಡಿನ ಒಣ, ತಂಪು ಗಾಳಿಯೇ ಕ್ಷಯಕ್ಕೆ ಮದ್ದೆಂದು ನಂಬಿದ್ದ ಕಾಲವದು. ಹೋಮ್ಸನನ್ನು ಜಲಪಾತಕ್ಕೆ ದೂಡಿ ಕೊಂದ ಕಥೆ 1893ರ ಡಿಸೆಂಬರಿನಲ್ಲಷ್ಟೇ ಅಚ್ಚಾಗಿತ್ತು. ಆ ಚಳಿಗಾಲದಲ್ಲಿ ಅವನ ಕಣ್ಣಿಗೆ ಬಿದ್ದದ್ದು ನಾರ್ವೆಯ ಸ್ಕೀ. ಎಂಟಡಿ ಉದ್ದದ ಎರಡು ಮರದ ಪಟ್ಟಿಗಳು, ಮುಂತುದಿ ಮೇಲಕ್ಕೆ ಬಾಗಿದ್ದು, ನಡುವೆ ಕಾಲಿಗೆ ಬಿಗಿಯುವ ಬಾರು. ನೋಡಲು ಸಾಧು, ಕಾಲಿಗೆ ಕಟ್ಟಿಕೊಂಡರೆ ತುಂಟ ಕುದುರೆ. ಬ್ರಾಂಗರ್ ಸಹೋದರರಂತೂ ಊರವರ ನಗೆಗೆ ಅಂಜಿ ಕತ್ತಲಾದ ಮೇಲೆ ಅಭ್ಯಾಸ ಮಾಡುತ್ತಿದ್ದರೆಂದು ಹೇಳುತ್ತಾರೆ. 1893ರಲ್ಲಿ ಅವರು ಇದೇ ದಾರಿಯನ್ನು ದಾಟಿ ಬಂದಿದ್ದರು. ಮರುವರ್ಷ ಡಾಯ್ಲ್ ಅವರ ಹಿಂದೆ ಹೊರಟ.

ಏರುವಾಗ ಅಂಕುಡೊಂಕಾಗಿ ಸಾಗಿದರು. ಇಳಿಯುವಾಗ ಒಂದು ಕಡೆ ಇಳಿಜಾರು ತೀರಾ ಕಡಿದಾಯಿತು. ಸಹೋದರರು ಸ್ಕೀಗಳನ್ನು ಬಿಚ್ಚಿ, ಜೋಡಿಸಿ ಕಟ್ಟಿ, ಅದರ ಮೇಲೆ ಕುಳಿತು ಜಾರಿದರು. ಡಾಯ್ಲ್ ಕೂರುವ ಮೊದಲೇ ಅವನ ಸ್ಕೀಗಳು ತಪ್ಪಿಸಿಕೊಂಡು ಹೋದವು. ಉಳಿದ ವಾಹನವೆಂದರೆ ಅವನ ಷರಾಯಿ ಮಾತ್ರ! ಈ ಟ್ವೀಡ್ ಬಟ್ಟೆ ಸವೆಯುವುದೇ ಇಲ್ಲವೆಂದು ದರ್ಜಿ ಮಾತು ಕೊಟ್ಟಿದ್ದನಂತೆ. ಅದರ ಮಾದರಿಗಳು ಅರೋಸಾವರೆಗೂ ದಾರಿಯಲ್ಲಿ ಸಿಗುತ್ತವೆ ಎಂದು ಡಾಯ್ಲ್ ಆಮೇಲೆ ನಗೆಯಾಡಿದ. ಅರೋಸಾದ ಹೋಟೆಲಿನ ದಾಖಲೆ ಪುಸ್ತಕದಲ್ಲಿ ಅವನ ವೃತ್ತಿಯನ್ನು ಟೋಬಿಯಾಸ್ ಬರೆದದ್ದು ‘ಕ್ರೀಡಾಪಟು’ ಎಂದು. ಮುಂದೊಂದು ದಿನ ನೂರಾರು ಇಂಗ್ಲಿಷರು ಸ್ಕೀಗಾಗಿಯೇ ಇಲ್ಲಿಗೆ ಬರುತ್ತಾರೆಂದು ಅದೇ ವರ್ಷ ಸ್ಟ್ರಾಂಡ್ ಪತ್ರಿಕೆಯಲ್ಲಿ ಡಾಯ್ಲ್ ಬರೆದ. ಬಂದವರು ನೂರಾರಲ್ಲ, ಲಕ್ಷಗಟ್ಟಲೆ.

ಇಂದು ಹೆಚ್ಚಿನವರು ತಂತಿತೊಟ್ಟಿಲಿನಲ್ಲಿ ಕುಳಿತು ಮೇಲೇರಿ, ಹದಗೊಳಿಸಿದ ಹಿಮದ ಮೇಲೆ ಜಾರಿ ಬರುತ್ತಾರೆ. ಡಾಯ್ಲ್ ಹೋದಂತೆ ತಮ್ಮ ಕಾಲಿನಿಂದಲೇ ಏರಿ ಇಳಿಯುವುದಕ್ಕೆ ಸ್ಕೀ ಟೂರಿಂಗ್ ಎಂದು ಹೆಸರು. ಇದಕ್ಕೆ ಬೇಕಾದ ಮುಖ್ಯ ಸಲಕರಣೆ ಸ್ಕೀಯ ಅಡಿಗೆ ಅಂಟಿಸುವ ರೋಮದ ಪಟ್ಟಿ. ಹಿಂದೆ ಸೀಲ್ ಪ್ರಾಣಿಯ ತೊಗಲಿನಿಂದ ಮಾಡುತ್ತಿದ್ದರು, ಈಗ ನೈಲಾನ್ ಅಥವಾ ಮೇಕೆಯ ಉಣ್ಣೆಯದು. ಹಸುವಿನ ಬೆನ್ನನ್ನು ಒಂದು ದಿಕ್ಕಿಗೆ ಸವರಿದರೆ ನುಣುಪು, ಎದುರು ದಿಕ್ಕಿಗೆ ಸವರಿದರೆ ತಡೆಯುತ್ತದಲ್ಲ, ಹಾಗೆಯೇ ಈ ಪಟ್ಟಿ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರಗೊಡದು. ಏರುವಾಗ ಬೂಟಿನ ಹಿಮ್ಮಡಿ ಬಿಡುವಾಗಿರುತ್ತದೆ. ನೆತ್ತಿ ತಲುಪಿದ ಮೇಲೆ ಪಟ್ಟಿ ಕಿತ್ತು, ಹಿಮ್ಮಡಿ ಬಿಗಿದು ಇಳಿಯಬೇಕು.

ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು ಕಾಲೆತ್ತಿ ಹೆಜ್ಜೆ ಹಾಕುವುದು. ಸ್ಕೀಯನ್ನು ಎತ್ತಬಾರದು, ನೆಲಕ್ಕೆ ಒತ್ತಿ ಎಳೆಯಬೇಕು. ಎತ್ತಿದವನು ಅರ್ಧ ಗಂಟೆಯಲ್ಲೇ ಸುಸ್ತು. ಹೊಸಬನೊಬ್ಬ ತಾಸಿಗೆ 300 ಮೀಟರ್ ಎತ್ತರ ಏರಿದರೆ ಸಾಕು. ಫ್ರೌವೆನ್‌ಕಿರ್ಖ್‌ನಿಂದ ಫುರ್ಗಾಕ್ಕೆ ಸುಮಾರು 900 ಮೀಟರ್ ಏರಿಕೆ. ಅಂದರೆ ಮೂರು ತಾಸು, ಜೊತೆಗೆ ವಿಶ್ರಾಂತಿ. ಅವಸರ ಮಾಡಿದವನಿಗೆ ಇಳಿಯಲು ಕಾಲೇ ಉಳಿದಿರುವುದಿಲ್ಲ.

ಇಷ್ಟು ಕಲಿಯುವುದು ಕಷ್ಟವಲ್ಲ. ಕಷ್ಟದ ಪಾಠ ಬೇರೆ ಇದೆ. ಹಿಮ ಪದರು ಪದರಾಗಿ ಬೀಳುತ್ತದೆ. ಒಳಗೊಂದು ಪದರು ಸಡಿಲವಾಗಿದ್ದರೆ ಒಬ್ಬನ ಭಾರಕ್ಕೇ ಇಡೀ ಇಳಿಜಾರು ಕುಸಿಯಬಹುದು. ಅಪಾಯ ಹೆಚ್ಚಿರುವುದು 30 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ. ಸ್ಕೀಗಾರರು ಸಿಕ್ಕಿಬೀಳುವ ಹಿಮಕುಸಿತಗಳಲ್ಲಿ ಬಹುಪಾಲನ್ನು ಸ್ವತಃ ಅವರೋ ಜೊತೆಯವರೋ ಕೆಡವಿರುತ್ತಾರೆ. ಹೂತುಹೋದವನನ್ನು ಮೊದಲ ಹತ್ತು ನಿಮಿಷಗಳಲ್ಲಿ ಹೊರತೆಗೆದರೆ ಹೆಚ್ಚಾಗಿ ಬದುಕುತ್ತಾನೆ, ಆಮೇಲೆ ಆಸೆ ಬೇಗ ಬೇಗ ಕ್ಷೀಣಿಸುತ್ತದೆ. ಅದಕ್ಕಾಗಿಯೇ ಪ್ರತಿಯೊಬ್ಬನ ಬಳಿಯೂ ಸಂಕೇತ ಬಿತ್ತರಿಸುವ ಯಂತ್ರ, ಹಿಮದಲ್ಲಿ ಚುಚ್ಚಿ ಹುಡುಕುವ ಕೋಲು ಮತ್ತು ಸಲಿಕೆ ಇರಲೇಬೇಕು. ಹೊರಗಿನ ನೆರವು ಬರುವಷ್ಟು ಹೊತ್ತು ಇರುವುದಿಲ್ಲ, ಉಳಿಸಬೇಕಾದವರು ಜೊತೆಗಾರರೇ.

ದಾವೋಸ್ ಈ ವಿದ್ಯೆಯ ತವರೂ ಹೌದು. ಇಲ್ಲಿನ ವೈಸ್‌ಫ್ಲೂಯೋಖ್ ಎತ್ತರದಲ್ಲಿ 1936ರಲ್ಲೇ ಹಿಮ ಸಂಶೋಧನೆಗೆ ಪ್ರಯೋಗಶಾಲೆ ತೆರೆಯಿತು. ಈಗ ಚಳಿಗಾಲದಲ್ಲಿ ಪ್ರತಿ ಸಂಜೆ 5 ಗಂಟೆಗೆ ಇಲ್ಲಿನ ಸಂಸ್ಥೆ ಮರುದಿನದ ಎಚ್ಚರಿಕೆ ಪ್ರಕಟಿಸುತ್ತದೆ. ಅಪಾಯಕ್ಕೆ ಐದು ಹಂತಗಳು. ಸಾವುಗಳಲ್ಲಿ ಸುಮಾರು ಅರ್ಧದಷ್ಟು ಆಗುವುದು ಮೂರನೆಯ ಹಂತದ ದಿನಗಳಲ್ಲಿ. ನಾಲ್ಕು ಎಂದರೆ ಜನ ಹೆದರಿ ಮನೆಯಲ್ಲಿ ಉಳಿಯುತ್ತಾರೆ. ಐದರಲ್ಲಿ ಮೂರು ಎಂದರೆ ಪರೀಕ್ಷೆಯಲ್ಲಿ ಪಾಸಾದಂತೆ ಎಂದುಕೊಂಡು ಹೊರಟುಬಿಡುತ್ತಾರೆ. ಬೆಟ್ಟ ಅಂಕ ಕೊಡುವ ಮೇಷ್ಟರಲ್ಲ.

ಆದ್ದರಿಂದ ಹೊಸಬರಿಗೆ ಒಳ್ಳೆಯ ಮಾರ್ಗದರ್ಶಿ ಕಲಿಸುವ ಮುಖ್ಯ ವಿದ್ಯೆ ಹಿಂದಿರುಗುವುದು. ನೆತ್ತಿ ನೂರು ಮೀಟರ್ ದೂರದಲ್ಲಿ ಕಾಣುತ್ತಿದ್ದರೂ, ಮೂರು ತಾಸು ಬೆವರು ಸುರಿಸಿದ್ದರೂ, ಹಿಮ ಸರಿಯಿಲ್ಲವೆಂದು ಕಂಡರೆ ತಿರುಗಬೇಕು. ಹದಿಹರೆಯದ ಮಕ್ಕಳಿಗೆ ಇದು ಸೋಲಿನಂತೆ ತೋರುವುದುಂಟು. ಅದು ಸೋಲಲ್ಲವೆಂದು ಮೊದಲೇ ಹೇಳಿ ಕಳುಹಿಸುವುದು ಹೆತ್ತವರ ಕೆಲಸ. ಡಾಯ್ಲ್ ಬಿದ್ದರೂ ನಗುತ್ತ ಎದ್ದನೆಂದರೆ, ದಾರಿ ಬಲ್ಲ ಇಬ್ಬರು ಅವನ ಜೊತೆಗಿದ್ದರು. ಫುರ್ಗಾ ನಾಳೆಯೂ ಅಲ್ಲೇ ಇರುತ್ತದೆ. ಏರಲು ಹೋದವರೂ ನಾಳೆ ಇರಬೇಕು, ಅಷ್ಟೆ.