ಬೆಟ್ಟದಡಿಯ ನೀರು

ಉತ್ತರ ಮ್ಯಾಸಿಡೋನಿಯಾದ ಓಹ್ರಿದ್ ಸರೋವರದ ದಕ್ಷಿಣ ತೀರದಲ್ಲಿ, ಅಲ್ಬೇನಿಯಾದ ಗಡಿಗೆ ಸಮೀಪ, ಸಂತ ನೌಮರ ಪುರಾತನ ಮಠವಿದೆ. ಅಂಗಳದಲ್ಲಿ ನವಿಲುಗಳು ನಿರ್ಭಯವಾಗಿ ಸುಳಿದಾಡುತ್ತಿದ್ದವು. ನಾವು ಬಹಳ ಹೊತ್ತು ನಿಂತುದು ಮಾತ್ರ ಪಕ್ಕದ ಚಿಲುಮೆಗಳ ಬಳಿ. ದೋಣಿಯಿಂದ ಬಾಗಿ ನೋಡಿದರೆ ತಳದ ಮರಳು ಕುದಿಯುವಂತೆ ಏಳುತ್ತದೆ. ಕೈಯಿಟ್ಟರೆ ಕೊರೆಯುವ ತಣ್ಪು! ಗಾಲಿಚಿತ್ಸಾ ಬೆಟ್ಟದಾಚೆ, ಸುಮಾರು 150 ಮೀಟರ್ ಮೇಲಿರುವ ಪ್ರೆಸ್ಪಾ ಸರೋವರದ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಇಲ್ಲಿ ಚಿಮ್ಮುತ್ತದೆ.

ಪ್ರೆಸ್ಪಾ ಗ್ರೀಸ್ ಸೇರಿದಂತೆ ಮೂರು ದೇಶಗಳಿಗೆ ಸೇರಿದ್ದು. ಮ್ಯಾಸಿಡೋನಿಯಾದ ಹೆಸರಿನ ಕುರಿತ ಒಪ್ಪಂದಕ್ಕೆ 2018ರಲ್ಲಿ ಸಹಿ ಬಿದ್ದುದು ಇದರ ದಡದಲ್ಲಿಯೇ. ಮರುದಿನ ಬೆಟ್ಟವನ್ನೇರಿ ಅಲ್ಲಿಗೆ ಹೋದೆವು. ಕೆಲವು ದಶಕಗಳಿಂದ ಮಳೆ, ಹಿಮ ತಗ್ಗಿ, ತೋಟಗಳಿಗೆ ನೀರೆತ್ತಿ, ಸರೋವರ ಹಲವು ಮೀಟರ್ ಇಳಿದಿದೆಯಂತೆ. ಹಳೆಯ ದಡದಿಂದ ನೀರು ಮುಟ್ಟಲು ನಾವು ಬಹುದೂರ ನಡೆಯಬೇಕಾಯಿತು.