ಬಡಗಣದ ಹಾದಿ

ಜೂನ್ ತಿಂಗಳ ಶನಿವಾರದ ಸಂಜೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಮೇಲೆದ್ದ ವಿಮಾನ ಬೆಂಗಳೂರಿಗೆ ಹೊರಟಿತ್ತು, ನಡುವೆ ಎಲ್ಲೂ ಇಳಿಯದೆ. ಎರಡೂ ನಿಲ್ದಾಣಗಳ ನಡುವಿನ ಅತಿ ಹತ್ತಿರದ ದಾರಿಯೇ ಸುಮಾರು 14,000 ಕಿಲೋಮೀಟರ್, ಅಂದರೆ ಭೂಮಿಯ ಸುತ್ತಳತೆಯ ಮೂರನೇ ಒಂದು ಭಾಗಕ್ಕೂ ಮಿಗಿಲು. ಹಾರಾಟದ ಅವಧಿ ಸುಮಾರು ಹದಿನೇಳು ಗಂಟೆ.

ಶಾಲೆಯ ಗೋಡೆಯ ನಕ್ಷೆ ನೋಡಿ ಬೆಳೆದ ನನಗೆ ಈ ದಾರಿ ಅಟ್ಲಾಂಟಿಕ್ ಇಲ್ಲವೇ ಪೆಸಿಫಿಕ್ ಸಾಗರದ ಮೇಲೆ ಇರಬೇಕೆನಿಸುತ್ತಿತ್ತು. ಆದರೆ ಎದುರಿನ ಪರದೆಯಲ್ಲಿ ವಿಮಾನದ ಮೂತಿ ಉತ್ತರಕ್ಕೇ ನೆಟ್ಟಿತ್ತು. ಗ್ಲೋಬಿನ ಮೇಲೆ ಎರಡೂ ಊರುಗಳ ನಡುವೆ ದಾರ ಬಿಗಿದು ನೋಡಿದರೆ ಗುಟ್ಟು ತಿಳಿಯುತ್ತದೆ. ದಾರ ಅಲಾಸ್ಕಾ ಹತ್ತಿ, ಸೈಬೀರಿಯಾದ ಹಿಮತೀರ ಸವರಿ, ಟಿಬೆಟ್ ಕಡೆಯಿಂದ ನಮ್ಮ ನೆಲಕ್ಕೆ ಇಳಿಯುತ್ತದೆ.

ವಿಮಾನ ಮಾತ್ರ ದಾರದ ಮೇಲೇ ಸಾಗುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ಪ್ರಯಾಣಿಕರು ಸಲೀಸಾಗಿ ಉಸಿರಾಡಲು ಅದು ಸುಮಾರು 10,000 ಅಡಿಗೆ ಇಳಿಯಬೇಕು. ಟಿಬೆಟಿನಲ್ಲಿ ನೆಲವೇ ಅದಕ್ಕಿಂತ ಎತ್ತರ. ಗಾಳಿಯ ದಿಕ್ಕನ್ನೂ ಲೆಕ್ಕ ಹಾಕಬೇಕು. ದಾರಿ ಇನ್ನೂ ಉತ್ತರಕ್ಕೆ ಸರಿದರೆ, ಧ್ರುವದ ಬಳಿ ಕಾಂತ ದಿಕ್ಸೂಚಿ ನೆಚ್ಚಿಕೊಳ್ಳುವಂತಿಲ್ಲ. ಇಂಧನ ಹೆಪ್ಪುಗಟ್ಟುವಷ್ಟು ತಣ್ಣಗಾಗದಂತೆ ಪೈಲಟ್‌ಗಳು ಅದರ ಉಷ್ಣತೆಯ ಮೇಲೆ ಕಣ್ಣಿಟ್ಟಿರುತ್ತಾರೆ. 2021ರ ಜನವರಿಯಲ್ಲಿ ಈ ಮಾರ್ಗದ ಮೊದಲ ಏರ್ ಇಂಡಿಯಾ ವಿಮಾನವನ್ನು ಉತ್ತರ ಧ್ರುವದ ಮೇಲಿಂದ ಹಾರಿಸಿ, 11ರ ನಸುಕಿನಲ್ಲಿ ಕೆಂಪೇಗೌಡ ನಿಲ್ದಾಣಕ್ಕೆ ತಂದವರು ನಾಲ್ವರು ಮಹಿಳೆಯರು: ಜೋಯಾ ಅಗರ್‌ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ ಮತ್ತು ಶಿವಾನಿ ಮನ್ಹಾಸ್. ಅವರು ಹಾರಿಸಿದ ಬೋಯಿಂಗ್ 777-200ಎಲ್ಆರ್ ಮಾದರಿಯ ವಿಮಾನ 1,80,000 ಲೀಟರಿನಷ್ಟು ಇಂಧನ ಹೊರಬಲ್ಲದು. ಅದು ಧ್ರುವದ ಚಳಿಗಾಲ; ಅವರು ದಾಟಿದ್ದು ಸೂರ್ಯನೇ ಹುಟ್ಟದ ಕತ್ತಲನ್ನು.

ನನಗೆ ಸಿಕ್ಕಿದ್ದು ಅದರ ತದ್ವಿರುದ್ಧ. ಕೆನಡಾದ ಮೇಲೆ ಸೂರ್ಯ ಮುಳುಗಿದ, ಆದರೆ ಕತ್ತಲಾಗಲಿಲ್ಲ. ದಿಗಂತದ ಅಂಚಿನಲ್ಲಿ ಕಿತ್ತಳೆ ಬಣ್ಣದ ಪಟ್ಟಿಯೊಂದು ಆರದೆ ಉಳಿದಿತ್ತು. ಇನ್ನಷ್ಟು ಉತ್ತರಕ್ಕೆ ಸರಿದಂತೆ ಆ ಪಟ್ಟಿ ಹೊಳೆಯತೊಡಗಿತು. ನಡುರಾತ್ರಿಯ ಹೊತ್ತು ಕಳೆದ ಮೇಲೆ ಅದೇ ಜಾಗದಿಂದ ಸೂರ್ಯ ಮೇಲೆದ್ದ! ಮೂಡಣದಲ್ಲಲ್ಲ, ಬಡಗಣದಲ್ಲಿ. ಕೆಳಗೆ ಆರ್ಕ್ಟಿಕ್ ಸಾಗರದ ಮಂಜುಗಡ್ಡೆ ಬಿರುಕುಬಿಟ್ಟು ಹರಡಿತ್ತು. ಬಿರುಕುಗಳಲ್ಲಿ ನೀರು ಕಡುನೀಲಿ. ಸುತ್ತ ಕಿಟಕಿ ಮುಚ್ಚಿ ಮಲಗಿದವರನ್ನೆಲ್ಲ ಎಬ್ಬಿಸಿ ತೋರಿಸುವಷ್ಟು ಆಸೆಯಾಯಿತು. ಏಷ್ಯಾದ ಮೇಲೆ ದಕ್ಷಿಣಕ್ಕೆ ಇಳಿಯುತ್ತಿದ್ದಂತೆ ಅದೇ ಸೂರ್ಯ ಮತ್ತೊಮ್ಮೆ ಮುಳುಗಿದ. ಒಂದೇ ಪ್ರಯಾಣದಲ್ಲಿ ಎರಡು ಸೂರ್ಯಾಸ್ತ!

ಬೆಂಗಳೂರಿನಲ್ಲಿ ಇಳಿದಾಗ ಸೋಮವಾರದ ನಸುಕು. ಬೇಸಿಗೆಯಲ್ಲಿ ನಮ್ಮ ಗಡಿಯಾರ ಸ್ಯಾನ್ ಫ್ರಾನ್ಸಿಸ್ಕೋಗಿಂತ ಹನ್ನೆರಡೂವರೆ ಗಂಟೆ ಮುಂದೆ. ಹಾಗಾಗಿ ಬೆಂಗಳೂರಿನ ಆ ಭಾನುವಾರದ ಬಹುಪಾಲು ನಾನು ಆಕಾಶದಲ್ಲಿದ್ದೆ.

ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳಿರುವ ತಂದೆತಾಯಿ ಇಂದು ಬೆಂಗಳೂರಿನ ಬೀದಿಬೀದಿಯಲ್ಲಿದ್ದಾರೆ. ಅಮೆರಿಕ ಎಂದೊಡನೆ ಅವರ ಕೈ ಪಡುವಣಕ್ಕೆ ಚಾಚುತ್ತದೆ. ಆದರೆ ಮಗಳಿರುವ ಆ ಊರಿಗೆ ನೇರ ಮುಖ ಮಾಡಬೇಕೆನ್ನುವ ತಾಯಿ ಹಿಮಾಲಯದ ಕಡೆಗೆ, ಬಡಗಣಕ್ಕೆ ತಿರುಗಿ ತುಸುವೇ ಮೂಡಣಕ್ಕೆ ವಾಲಿ ನಿಲ್ಲಬೇಕು. ಹತ್ತಿರದ ದಾರಿ ಅತ್ತಲೇ ಇದೆ.