ಇಜುಮೋ ಬೆಟ್ಟಗಳಲ್ಲಿ ಇಂಗ್ಲಿಷ್ ಮೇಷ್ಟರು

ಜಪಾನ್ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಟೋಕಿಯೋ ನಗರದ ದೀಪಮಾಲೆ, ಬಾಣದಂತೆ ಧಾವಿಸುವ ರೈಲು, ಹಿಮದ ಟೊಪ್ಪಿಗೆ ತೊಟ್ಟ ಫ್ಯೂಜಿ ಪರ್ವತ. ಆದರೆ ಆ ದೇಶದ ಪಶ್ಚಿಮ ಭಾಗದಲ್ಲಿ, ಜಪಾನ್ ಸಮುದ್ರಕ್ಕೆ ಮುಖಮಾಡಿ ಮಲಗಿರುವ ಶಿಮಾನೆ ಪ್ರಾಂತವನ್ನು ಬಲ್ಲ ಪ್ರವಾಸಿಗರು ವಿರಳ. ಅದರ ಪೂರ್ವಭಾಗಕ್ಕೆ ಇಜುಮೋ ಎಂದು ಪುರಾತನ ಹೆಸರು. ಹಳೆಯ ಪಂಚಾಂಗದ ಹತ್ತನೆಯ ತಿಂಗಳಿನಲ್ಲಿ ದೇಶದ ಸಕಲ ದೇವತೆಗಳೂ ಇಜುಮೋದ ಮಹಾದೇಗುಲಕ್ಕೆ ಬಂದು ಸಭೆ ಸೇರುವರೆಂದು ಅಲ್ಲಿನವರ ನಂಬಿಕೆ. ಆದುದರಿಂದ ಜಪಾನಿನ ಉಳಿದೆಡೆಗಳಲ್ಲಿ ಅದು ‘ದೇವರಿಲ್ಲದ ತಿಂಗಳು’. ಇಜುಮೋದಲ್ಲಿ ಮಾತ್ರ ‘ದೇವರಿರುವ ತಿಂಗಳು’.

ದೇವತೆಗಳು ತಪ್ಪದೆ ಬರುವ ಈ ನಾಡಿನಿಂದ ಮನುಷ್ಯರು ಮಾತ್ರ ಹೊರಟುಹೋಗುತ್ತಿದ್ದಾರೆ. 1955ರಲ್ಲಿ ಶಿಮಾನೆಯ ಜನಸಂಖ್ಯೆ ಸುಮಾರು 9 ಲಕ್ಷ 29 ಸಾವಿರ. 2020ರ ಗಣತಿಯಲ್ಲಿ ಅದು 6 ಲಕ್ಷ 71 ಸಾವಿರಕ್ಕೆ ಇಳಿದಿತ್ತು. ಜನ ತೆರಳಿದಂತೆ ರೈಲೂ ತೆರಳಿತು. ನದಿಯ ದಡವನ್ನೇ ಹಿಡಿದು 108 ಕಿಲೋಮೀಟರು ಸಾಗುತ್ತಿದ್ದ ಸಾಂಕೋ ಮಾರ್ಗವನ್ನು 2018ರಲ್ಲಿ ಮುಚ್ಚಿದರು.

ಇಂಥ ನಾಡಿಗೆ ಪರದೇಶಗಳಿಂದ ಇಂಗ್ಲಿಷ್ ಕಲಿಸುವ ತರುಣರನ್ನು ಕರೆತರುವ ಯೋಜನೆಯೊಂದು ಉಂಟು. ಅದರ ಹೆಸರು ಜೆಟ್. 1987ರಲ್ಲಿ ನಾಲ್ಕು ದೇಶಗಳ 848 ಜನರೊಂದಿಗೆ ಅದು ಆರಂಭವಾಯಿತು. ಈಚಿನ ವರ್ಷಗಳಲ್ಲಿ ಐವತ್ತರಷ್ಟು ದೇಶಗಳ ಐದು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದಾರೆ. ಒಪ್ಪಂದ ಒಂದೊಂದು ವರ್ಷದ್ದು. ಹೆಚ್ಚೆಂದರೆ ಐದು ವರ್ಷ. ಭಾರತದಿಂದ ಹೋಗುವವರು ಕೆಲವರೇ. 2022ರ ಆಗಸ್ಟಿನಲ್ಲಿ ಆ ಕೆಲವರಲ್ಲಿ ನಾನೂ ಒಬ್ಬನಾಗಿ ಇಜುಮೋ ಸೇರಿದೆ.

ಕಬ್ಬಿಣದ ಬೆಟ್ಟ, ಭತ್ತದ ಗದ್ದೆ

ಶಿಂಜಿ ಎಂಬ ನಿಲ್ದಾಣದಿಂದ ಕಿಸುಕಿ ಮಾರ್ಗದ ರೈಲು ಹೊರಡುತ್ತದೆ. ರೈಲೆಂದರೆ ಹೆಚ್ಚಿನ ವೇಳೆ ಒಂದೇ ಡಬ್ಬಿ. ಬೆಟ್ಟದ ಏರು ಕಡಿದಾದಲ್ಲಿ ಅದು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ, ಮತ್ತೊಮ್ಮೆ ಮುಂದಕ್ಕೆ ಚಲಿಸಿ ಮೂರು ಮೆಟ್ಟಿಲುಗಳನ್ನೇರಿದಂತೆ ಮೇಲೇರುತ್ತದೆ. ಆ ಏರಿನ ಕೆಳಗೆ, ಒಂದು ಚಿಕ್ಕ ನಿಲ್ದಾಣದ ಹಳ್ಳಿಯಲ್ಲಿ ನನಗೆ ಮನೆ ಗೊತ್ತಾಗಿತ್ತು.

ಸುತ್ತಲೂ ದೇವದಾರುವನ್ನು ಹೋಲುವ ಮರಗಳ ಬೆಟ್ಟ. ನಡುವೆ ಮೆಟ್ಟಿಲು ಮೆಟ್ಟಿಲಾದ ಭತ್ತದ ಗದ್ದೆ. ಈ ಗದ್ದೆಗಳಿಗೊಂದು ಚರಿತ್ರೆಯಿದೆ. ಹಿಂದೆ ಇಲ್ಲಿಯ ಜನ ಬೆಟ್ಟವನ್ನು ಅಗೆದು, ಮಣ್ಣನ್ನು ಕಾಲುವೆಯ ನೀರಿನಲ್ಲಿ ತೊಳೆದು, ಕಬ್ಬಿಣದ ಮರಳನ್ನು ಬೇರ್ಪಡಿಸುತ್ತಿದ್ದರು. ‘ತತಾರಾ’ ಎಂಬ ಮಣ್ಣಿನ ಕುಲುಮೆಯಲ್ಲಿ ಇದ್ದಿಲಿನೊಡನೆ ಅದನ್ನು ಕಾಯಿಸಿದರೆ ಖಡ್ಗಕ್ಕೆ ತಕ್ಕ ಉಕ್ಕು ಸಿದ್ಧ. ಬೆಟ್ಟ ಕರಗಿ ಉಳಿದ ನೆಲವನ್ನು ಹಾಗೆಯೇ ಬಿಡದೆ, ಅದೇ ಕಾಲುವೆಯ ನೀರು ಹಾಯಿಸಿ ಗದ್ದೆ ಮಾಡಿದರು. ಅಲ್ಲಿ ಬೆಳೆಯುವ ‘ನಿತಾ’ ಅಕ್ಕಿಗೆ ಇಂದು ದೇಶದಲ್ಲೆಲ್ಲ ಹೆಸರಿದೆ.

ಅಆಇಈ ಬಲ್ಲವನ ಅನುಕೂಲ

ಪರದೇಶದ ಮೇಷ್ಟರಿಗೆ ಇಲ್ಲಿ ‘ಸಹಾಯಕ ಭಾಷಾ ಶಿಕ್ಷಕ’ ಎಂಬ ಪದವಿ. ತರಗತಿ ಊರ ಶಿಕ್ಷಕರದು. ಪಕ್ಕದಲ್ಲಿ ನಿಂತು ಉಚ್ಚಾರಣೆ ಹೇಳಿಕೊಡುವುದು, ಸಂಭಾಷಣೆ ನಡೆಸುವುದು, ಆಟ ಆಡಿಸುವುದು ನಮ್ಮದು. ಪ್ರಾಥಮಿಕ ಶಾಲೆಯ ಐದು ಮತ್ತು ಆರನೆಯ ತರಗತಿಗಳಿಗೆ 2020ರಿಂದ ಇಂಗ್ಲಿಷ್ ಒಂದು ಪಾಠವಿಷಯವಾಗಿದೆ. ನನಗೆ ಒಂದು ಮಾಧ್ಯಮಿಕ ಶಾಲೆ, ಎರಡು ಪ್ರಾಥಮಿಕ ಶಾಲೆ. ಅವುಗಳಲ್ಲಿ ತೀರ ಚಿಕ್ಕದರಲ್ಲಿ ಆರು ತರಗತಿಗಳೂ ಸೇರಿ ಇದ್ದ ಮಕ್ಕಳು ಹದಿನಾಲ್ಕು.

ಮಕ್ಕಳ ಬಾಯಲ್ಲಿ ‘ಡೆಸ್ಕ್’ ಎಂಬುದು ‘ದೆಸುಕು’ ಆಗುತ್ತದೆ, ‘ಬಸ್’ ಎಂಬುದು ‘ಬಸು’ ಆಗುತ್ತದೆ. ವ್ಯಂಜನದಲ್ಲಿ ಪದವನ್ನು ನಿಲ್ಲಿಸುವುದು ಆ ಭಾಷೆಯ ಜಾಯಮಾನವಲ್ಲ. ಆಸ್ಟ್ರೇಲಿಯದಿಂದ ಬಂದಿದ್ದ ನನ್ನ ನೆರೆಯೂರಿನ ಶಿಕ್ಷಕಿಗೆ ಇದೊಂದು ಬಿಡಿಸಲಾಗದ ಒಗಟಾಗಿತ್ತು. ‘ಬಸ್ಸು’, ‘ಬೆಂಚು’, ‘ಪೆನ್ನು’ ಎನ್ನುವ ಮನೆಯಲ್ಲಿ ಬೆಳೆದ ನನಗೆ ಇದರಲ್ಲಿ ಒಗಟೇನೂ ಕಾಣಲಿಲ್ಲ! ವಾಕ್ಯದ ಕಟ್ಟಡವೂ ಅಂತೆಯೇ. ‘ವಾತಾಶಿ-ವಾ ಗಕ್ಕೋ-ನಿ ಇಕಿಮಾಸು’ ಎಂದರೆ ‘ನಾನು ಶಾಲೆಗೆ ಹೋಗುತ್ತೇನೆ’. ವಿಭಕ್ತಿ ನಾಮಪದದ ಹಿಂದೆ, ಕ್ರಿಯಾಪದ ಕೊನೆಗೆ. ಗೋಡೆಯ ಮೇಲೆ ತೂಗುಹಾಕಿದ್ದ ಅಕ್ಷರಮಾಲೆ ಅ, ಇ, ಉ, ಎ, ಒ ಎಂದು ಆರಂಭವಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತಿತ್ತು. ಬೌದ್ಧ ಭಿಕ್ಷುಗಳು ಚೀನದ ಮಾರ್ಗವಾಗಿ ಕಲಿತ ಸಂಸ್ಕೃತ ವರ್ಣಮಾಲೆಯ ಛಾಯೆ ಅದು. ದೂರದ ಬೆಟ್ಟದ ಶಾಲೆಯಲ್ಲಿ ನಮ್ಮ ಮಗ್ಗುಲ ಮನೆಯವರೊಬ್ಬರು ಸಿಕ್ಕಂತಾಯಿತು.

ಶಾಲೆಯ ದಿನಚರಿಯಂತೂ ನೋಡಿ ಕಲಿಯತಕ್ಕದ್ದು. ಬಾಗಿಲಲ್ಲಿ ಹೊರಗಿನ ಜೋಡು ಕಳಚಿ ಒಳಗಿನ ಜೋಡು ಮೆಟ್ಟಬೇಕು. ಮಧ್ಯಾಹ್ನ ಸರದಿಯ ಮಕ್ಕಳು ಬಿಳಿಯ ಟೊಪ್ಪಿಗೆ, ನಿಲುವಂಗಿ ತೊಟ್ಟು ತಾವೇ ಊಟ ಬಡಿಸುತ್ತಾರೆ. ‘ಇತದಾಕಿಮಾಸು’ ಎಂದು ಎಲ್ಲರೂ ಒಕ್ಕೊರಲಿನಿಂದ ನುಡಿದ ಮೇಲೆಯೇ ಕೈ ಬಾಯಿಗೆ. ಊಟದ ಅನಂತರ ಪೊರಕೆ, ನೆಲ ಒರೆಸುವ ಬಟ್ಟೆ ಹಿಡಿದು ಮಕ್ಕಳೂ ಶಿಕ್ಷಕರೂ ಸೇರಿ ಶಾಲೆಯನ್ನು ಶುಚಿಮಾಡುತ್ತಾರೆ. ಸಂಜೆ ಐದಕ್ಕೆ ಊರ ಧ್ವನಿವರ್ಧಕದಲ್ಲಿ ಶಿಶುಗೀತೆಯೊಂದರ ರಾಗ ಕೇಳಿಸುತ್ತದೆ. ಮನೆಗೆ ಹೋಗಿ ಎಂದು ಮಕ್ಕಳಿಗೆ ಅದೇ ಸೂಚನೆ.

ಬೇರೆ ಮೇಷ್ಟರು, ಬೇರೆ ಕಾಲ

ಈ ಪ್ರಾಂತಕ್ಕೆ ಪರದೇಶದ ಇಂಗ್ಲಿಷ್ ಮೇಷ್ಟರು ಹೊಸಬರಲ್ಲ. ಪ್ರಾಂತದ ರಾಜಧಾನಿಯಾದ ಮಾತ್ಸುಯೆಯ ಮಾಧ್ಯಮಿಕ ಶಾಲೆಗೆ 1890ರಲ್ಲಿ ಲಾಫ್ಕಾಡಿಯೋ ಹರ್ನ್ ಬಂದರು. ಗ್ರೀಸಿನಲ್ಲಿ ಹುಟ್ಟಿ, ಐರ್ಲೆಂಡಿನಲ್ಲಿ ಬೆಳೆದು, ಅಮೆರಿಕದಲ್ಲಿ ಪತ್ರಕರ್ತರಾಗಿದ್ದವರು. ಸಮುರಾಯ್ ಮನೆತನದ ಸೆತ್ಸು ಎಂಬಾಕೆಯನ್ನು ಮದುವೆಯಾಗಿ, 1896ರಲ್ಲಿ ಜಪಾನಿನ ಪ್ರಜೆಯಾಗಿ, ಕೊಯಿಜುಮಿ ಯಾಕುಮೋ ಎಂದು ಹೆಸರಿಟ್ಟುಕೊಂಡರು. ಕೋಟೆಯ ಬಳಿ ಅವರಿದ್ದ ಮನೆಯನ್ನು ಇಂದಿಗೂ ಕಾಪಾಡಿದ್ದಾರೆ. ಇಜುಮೋವನ್ನು ಅಷ್ಟು ಪ್ರೀತಿಸಿದ ಹರ್ನ್ ಅಲ್ಲಿದ್ದುದು ಸುಮಾರು ಹದಿನೈದು ತಿಂಗಳು ಮಾತ್ರ! ಚಳಿ ತಾಳಲಾರದೆ 1891ರಲ್ಲಿ ದಕ್ಷಿಣದ ಕುಮಾಮೋತೋ ನಗರಕ್ಕೆ ತೆರಳಿದರು.

ಅವರ ಕಷ್ಟ ನನಗೆ ಜನವರಿಯಲ್ಲಿ ಅರ್ಥವಾಯಿತು. ಮನೆಯ ಗೋಡೆಗಳು ತೆಳು. ಸೀಮೆಎಣ್ಣೆಯ ಒಲೆಯೊಂದು, ಕೆಳಗೆ ಶಾಖವಿದ್ದು ಮೇಲೆ ರಜಾಯಿ ಹೊದಿಸಿದ ‘ಕೊತಾತ್ಸು’ ಎಂಬ ಗಿಡ್ಡ ಮೇಜೊಂದು, ಇವೆರಡೇ ಆಸರೆ. ಬೆಳಗ್ಗೆ ಎದ್ದು ಬಾಗಿಲ ಹಿಮವನ್ನು ಸಲಿಕೆಯಿಂದ ಎತ್ತಿ ಹಾಕಿದ ಮೇಲೆಯೇ ಶಾಲೆಯ ಮಾತು.

ಅನ್ನದ ಪ್ರಶ್ನೆ, ಹಲಗೆಯ ಉತ್ತರ

ಚಳಿಗಿಂತ ಕಠಿಣವಾದದ್ದು ಊಟ. ನಾನು ಶಾಕಾಹಾರಿ. ಅಲ್ಲಿ ಸಾರು, ಪಲ್ಯ, ಸೇವಿಗೆ ಎಲ್ಲದಕ್ಕೂ ಮೂಲ ‘ದಾಶಿ’ ಎಂಬ ತಿಳಿರಸ. ಅದನ್ನು ಹೆಚ್ಚಾಗಿ ಒಣಮೀನಿನಿಂದಲೇ ಮಾಡುತ್ತಾರೆ. ‘ಮಾಂಸ ತಿನ್ನುವುದಿಲ್ಲ’ ಎಂದರೆ ‘ಸರಿ, ಇದು ಮೀನು’ ಎಂದು ಮುಗುಳುನಗುತ್ತಾರೆ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ನಾನು ಬುತ್ತಿ ಒಯ್ಯುತ್ತಿದ್ದೆ. ಅಂಟು ಅನ್ನದ ಚಿತ್ರಾನ್ನ, ನಿಂಬೆಯ ಬದಲು ಯುಜು ಹಣ್ಣಿನ ರಸ. ಮಕ್ಕಳಿಗೆ ಅದರ ಹಳದಿ ಬಣ್ಣವೇ ದೊಡ್ಡ ವಿಸ್ಮಯ.

ಉತ್ತರ ದೊರೆತದ್ದು ಒಂದು ಹಲಗೆಯ ಮೂಲಕ. ಜಪಾನಿನ ಹಳ್ಳಿಗಳಲ್ಲಿ ‘ಕೈರಾಂಬಾನ್’ ಎಂಬ ಪದ್ಧತಿಯಿದೆ. ಊರ ಸುದ್ದಿಗಳನ್ನು ಸಿಕ್ಕಿಸಿದ ಹಲಗೆ ಮನೆಯಿಂದ ಮನೆಗೆ ಸರದಿಯಂತೆ ಹೋಗುತ್ತದೆ: ಕಸ ಇಡುವ ದಿನಗಳು, ಕಾಲುವೆ ಶುಚಿಮಾಡುವ ಭಾನುವಾರ, ಹಬ್ಬದ ಚಂದಾ. ಓದಿದವರು ತಮ್ಮ ಹೆಸರಿನೆದುರು ಗುರುತು ಹಾಕಿ ಮುಂದಿನ ಮನೆಗೆ ತಲುಪಿಸಬೇಕು. ಮೊದಲ ಎರಡು ತಿಂಗಳು ಅದು ನನ್ನ ಮನೆಯನ್ನು ದಾಟಿ ಹೋಗುತ್ತಿತ್ತು. ಓದಲಾರದವನಿಗೆ ತೊಂದರೆ ಏಕೆಂದು ಅವರ ದಾಕ್ಷಿಣ್ಯ. ನನ್ನನ್ನೂ ಸೇರಿಸಿ ಎಂದು ನಾನೇ ಕೇಳಿಕೊಂಡ ಮೇಲೆ ಒಂದು ಸಂಜೆ ಹಲಗೆ ಬಂತು. ಪಟ್ಟಿಯ ಕೊನೆಗೆ ನನ್ನ ಹೆಸರು. ಮೇಲಿನ ಹೆಸರುಗಳಲ್ಲಿ ಐದಕ್ಕೆ ಗೆರೆ ಎಳೆದಿತ್ತು. ಅವು ಬೀಗ ಬಿದ್ದ ಮನೆಗಳು.

ನನ್ನ ಮುಂದಿನ ಮನೆ ಎಂಬತ್ತು ದಾಟಿದ ಅಜ್ಜಿಯೊಬ್ಬರದು. ಮಗ ಓಸಾಕಾದಲ್ಲಿ, ಅವರು ಒಬ್ಬರೇ. ಹಲಗೆ ಕೊಟ್ಟಾಗ ಅವರು ‘ದಾನ್‌ದಾನ್’ ಎಂದರು. ಪಠ್ಯಪುಸ್ತಕದಲ್ಲಿ ಕಾಣದ ಪದ. ಇಜುಮೋದ ಆಡುಮಾತಿನಲ್ಲಿ ಅದೇ ಕೃತಜ್ಞತೆ. ಚಹಾ ಕುಡಿಯುತ್ತ ಊಟದ ಮಾತು ಬಂತು. ನಾನು ‘ಶೋಜಿನ್’ ಎಂಬ ಪದ ಬಳಸಿದೆ. ಬೌದ್ಧ ದೇವಾಲಯಗಳ ಸಾತ್ವಿಕ ಅಡುಗೆಗೆ ಆ ಹೆಸರು. ಅವರ ಮುಖ ಅರಳಿತು. ಶ್ರಾದ್ಧದ ದಿನಗಳಲ್ಲಿ ಅತ್ತೆ ಮಾಡುತ್ತಿದ್ದ ಅಡುಗೆ ಅದಂತೆ. ಮರುದಿನ ಸಮುದ್ರದ ಕೊಂಬು ಎಲೆ, ಒಣ ಅಣಬೆಗಳನ್ನು ನೆನೆಸಿ ತೆಗೆದ ರಸದಲ್ಲಿ ಮಿಸೋ ಸಾರು ಮಾಡಿ ತಂದುಕೊಟ್ಟರು. “ಸೆನ್ಸೇ, ಇದರಲ್ಲಿ ಮೀನಿಲ್ಲ. ಧೈರ್ಯವಾಗಿ ಕುಡಿಯಿರಿ” ಎಂದರು.

ಹಲಗೆ ಸುದ್ದಿಗಾಗಿ ಮಾತ್ರವಲ್ಲವೆಂಬುದು ಫೆಬ್ರವರಿಯಲ್ಲಿ ತಿಳಿಯಿತು. ಒಂದು ಸಂಜೆ ನಾನು ಕೂಗಿದರೂ ಅಜ್ಜಿಯ ಮನೆಯಿಂದ ಉತ್ತರ ಬರಲಿಲ್ಲ. ಹಿಂದಿನ ಮನೆಯವರನ್ನು ಕರೆದು ಒಳಗೆ ಹೋದರೆ, ಅವರು ಅಂಗಳದ ಹಿಮದಲ್ಲಿ ಜಾರಿ, ಕಾಲು ಉಳುಕಿಸಿಕೊಂಡು, ಹೇಗೋ ಒಳಗೆ ತೆವಳಿ ಬಂದು ಚಳಿಯಲ್ಲಿ ನಡುಗುತ್ತಿದ್ದರು. ಆಸ್ಪತ್ರೆಯಿಂದ ಅವರು ಕ್ಷೇಮವಾಗಿ ಮರಳಿದರು. ಸರದಿಯ ಹಲಗೆ ಎಂದರೆ ದಿನಕ್ಕೊಂದು ಬಾಗಿಲು ತಟ್ಟುವ ಕೈ. ಮನೆಗಳು ಮುಚ್ಚಿದಂತೆ ಆ ಕೈಗಳೂ ಕಡಿಮೆಯಾಗುತ್ತವೆ.

ಮುಚ್ಚಿದ ಶಾಲೆ

2024ರ ಮಾರ್ಚಿನಲ್ಲಿ ಹದಿನಾಲ್ಕು ಮಕ್ಕಳ ಶಾಲೆ ನೆರೆಯೂರಿನ ಶಾಲೆಯೊಂದಿಗೆ ವಿಲೀನವಾಯಿತು. ಕೊನೆಯ ಸಮಾರಂಭದಲ್ಲಿ ಶಾಲೆಯ ಧ್ವಜವನ್ನು ಮಡಿಸಿ ಊರ ಅಧಿಕಾರಿಗಳ ಕೈಗೆ ಒಪ್ಪಿಸಿದರು. ಮಕ್ಕಳು ಶಾಲಾಗೀತೆ ಹಾಡುವಾಗ, ಅದೇ ಅಂಗಳದಲ್ಲಿ ಓದಿದ್ದ ಮುದುಕರೂ ಎದ್ದು ನಿಂತು ಹಾಡಿದರು. ಯಾರೂ ಗಟ್ಟಿಯಾಗಿ ಅಳಲಿಲ್ಲ. ಸಮಾರಂಭ ಮುಗಿದೊಡನೆ ಎಂದಿನಂತೆ ಪೊರಕೆಗಳು ಹೊರಬಂದವು. ನಾಳೆ ಯಾರೂ ಬಾರದ ಶಾಲೆಯನ್ನು ಮಕ್ಕಳು ಮೂಲೆ ಮೂಲೆಯೂ ಒರೆಸಿ ಶುಚಿಮಾಡಿದರು.

ಪರದೇಶದಲ್ಲಿ ನೆಲೆಸುವುದೆಂದರೆ ಭಾಷೆ ಕಲಿಯುವುದು, ಊಟಕ್ಕೆ ಒಗ್ಗುವುದು ಎಂದು ನಾವು ತಿಳಿಯುತ್ತೇವೆ. ಅವೆರಡೂ ಬೇಕು. ಆದರೆ ಅತಿಥಿಗೆ ಸರದಿಯಿಲ್ಲ. ಸರದಿ ಇರುವುದು ಮನೆಯವರಿಗೆ ಮಾತ್ರ. ಹೊರಡುವ ಶಿಕ್ಷಕರು ತಮ್ಮ ನಂತರ ಬರುವವರಿಗೆ ಒಂದು ಓಲೆ ಬರೆದಿಡುವುದು ವಾಡಿಕೆ. ಆ ಜುಲೈಯಲ್ಲಿ ನಾನು ಸೀಮೆಎಣ್ಣೆ ಮಾರುವ ಬಂಡಿ ಬರುವ ದಿನ, ಕಸದ ಚೀಲಗಳ ಬಣ್ಣ, ಸಾಸಿವೆ ಸಿಗುವ ಅಂಗಡಿಯ ವಿಳಾಸಗಳನ್ನೆಲ್ಲ ಬರೆದು, ಕೊನೆಗೆ ಹೀಗೆ ಸೇರಿಸಿದೆ: “ಹಲಗೆ ಬಂದರೆ ರಾತ್ರಿ ಇಟ್ಟುಕೊಳ್ಳಬೇಡಿ. ಮುಂದಿನ ಮನೆಯ ಬಾಗಿಲಲ್ಲಿ ಇಟ್ಟು ಬರಬೇಡಿ. ಕೂಗಿ, ಕೈಗೇ ಕೊಡಿ. ಚಹಾ ಕೊಟ್ಟರೆ ಕುಡಿಯಿರಿ.”